ಗುರುವಾರದ ರಕ್ತಪಿಶಾಚಿ

ನನಗೆ ದೆವ್ವದ ಸಿನಿಮಾಗಳು ಹಿಡಿಸುವುದಿಲ್ಲ. ಚಿಕ್ಕಂದಿನಲ್ಲೂ ಹಿಡಿಸುತ್ತಿರಲಿಲ್ಲ. ಹೆದರಿಕೆಯಿಂದಲ್ಲ. ಆ ಸಿನಿಮಾಗಳಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಮಲಗುವುದಿಲ್ಲ, ಬಾಗಿಲಿಗೆ ಚಿಲಕ ಹಾಕುವುದಿಲ್ಲ, ಹೋಗಬೇಡ ಎಂದ ಕಡೆಗೇ ಮೇಣದ ಬತ್ತಿ ಹಿಡಿದುಕೊಂಡು ಹೋಗುತ್ತಾರೆ. ಅಂಥವರಿಗೆ ಆಗುವುದು ಆಗಲಿ ಅನ್ನಿಸುತ್ತದೆ. ಆದರೂ ಎಪ್ಪತ್ತು ದಾಟಿದ ಮೇಲೆ, ಪರ್ತ್‌ನ ಒಂದು ಆಸ್ಪತ್ರೆಯಲ್ಲಿ ತಮ್ಮನ ಪಕ್ಕದ ಕುರ್ಚಿಯಲ್ಲಿ ಕುಳಿತು, ಬ್ರಿಟಿಷರು ಬಹಳ ಹಿಂದೆ ತೆಗೆದ ಒಂದು ರಕ್ತಪಿಶಾಚಿಯ ಸಿನಿಮಾ ನೋಡಿದೆ. ಅದರ ಎರಡನೆಯ ಭಾಗವನ್ನೂ ನೋಡಿದೆ. ನಾವು ನೋಡುತ್ತಿದ್ದಷ್ಟು ಹೊತ್ತೂ ತಮ್ಮನ ಮೈಯೊಳಗೆ ಯಾರದೋ ರಕ್ತ ಹನಿಹನಿಯಾಗಿ ಇಳಿಯುತ್ತಿತ್ತು.

ತಮ್ಮ ನನಗಿಂತ ಐದು ವರ್ಷಕ್ಕೆ ಚಿಕ್ಕವನು. ಮೈಸೂರಿನಲ್ಲಿ ಭೂವಿಜ್ಞಾನ ಓದಿ, ಪಶ್ಚಿಮ ಆಸ್ಟ್ರೇಲಿಯಾದ ಕಬ್ಬಿಣದ ಅದಿರಿನ ಗಣಿಗಳಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದ. ಎರಡು ವಾರ ಮರುಭೂಮಿಯ ಕ್ಯಾಂಪು, ಒಂದು ವಾರ ಮನೆ, ಮತ್ತೆ ವಿಮಾನ ಹತ್ತಿ ಕ್ಯಾಂಪು. ಹಾಗೆಯೇ ಅವನ ಆಯುಸ್ಸಿನ ಬಹುಭಾಗ ಕಳೆಯಿತು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಒಬ್ಬಳೇ ಮಗಳು ಅಡಿಲೇಡ್‌ನಲ್ಲಿ, ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ನಾನು ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲಿ ಮಗನ ಸಂಸಾರದ ಜೊತೆ ಇದ್ದೇನೆ. ಒಂದೇ ದೇಶ ಅನ್ನುವುದು ಹೆಸರಿಗೆ ಮಾತ್ರ. ಮೂರು ಮನೆಗಳಿಗೂ ಮೂರು ಗಡಿಯಾರ. ಅದರಲ್ಲೂ ಅಡಿಲೇಡ್‌ನದು ಅರ್ಧ ಗಂಟೆಯ ತಕರಾರು. ನಾನು ಅಡುಗೆಮನೆಯ ಗೋಡೆಯಲ್ಲಿ ಮೂರು ಗಡಿಯಾರ ತೂಗುಹಾಕಿದ್ದೆ. ಸೊಸೆ ಅದನ್ನು ಏರ್‌ಪೋರ್ಟ್ ಎಂದು ಕರೆಯುತ್ತಾಳೆ.

ನಾನು ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಕಲಿತವಳು, ಅಲ್ಲೇ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಅಲ್ಲಿ ಕುರ್ಚಿಗೆ ಬೆನ್ನು ಆನಿಸುವಂತಿರಲಿಲ್ಲ. ಬೋರ್ಡಿನಲ್ಲಿ ಕರೆಯ ದೀಪ ಹತ್ತಿದ ಕೂಡಲೇ ಉತ್ತರಿಸಬೇಕು. ನೀರು ಕುಡಿಯಲು ಏಳಬೇಕಾದರೂ ಪಕ್ಕದವಳು ತಲೆಯಾಡಿಸಿದ ಮೇಲೆಯೇ ಏಳಬೇಕು. ಆ ಶಿಸ್ತು ನನಗೆ ಹೊರೆ ಅನ್ನಿಸಲಿಲ್ಲ. ದಿನಕ್ಕೊಂದು ಚೌಕಟ್ಟು ಇದ್ದರೆ ಮನಸ್ಸು ಅಲೆಯುವುದಿಲ್ಲ ಎಂದು ನಂಬಿದ್ದೆ. ಬಹುಮಟ್ಟಿಗೆ ಈಗಲೂ ನಂಬುತ್ತೇನೆ.

ತಮ್ಮನ ಮೂಳೆಯೊಳಗಿನ ಮಜ್ಜೆ ರಕ್ತ ತಯಾರಿಸುವುದನ್ನು ಬಹುತೇಕ ನಿಲ್ಲಿಸಿತ್ತು. ಅವನ ವಯಸ್ಸಿಗೆ, ಅವನ ಹೃದಯದ ಸ್ಥಿತಿಗೆ ದೊಡ್ಡ ಚಿಕಿತ್ಸೆಗಳು ಸಾಧ್ಯವಿಲ್ಲ ಎಂದು ವೈದ್ಯರು ತಿಳಿಸಿದ್ದರು. ಎರಡು ವಾರಕ್ಕೊಮ್ಮೆ, ಗುರುವಾರ, ರಕ್ತ ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡರೆ ಕೆಲವು ದಿನ ಓಡಾಡುತ್ತಾನೆ. ಆಮೇಲೆ ಮೆಟ್ಟಿಲು ಹತ್ತಲಾರ. ಅಷ್ಟರಲ್ಲಿ ಮತ್ತೊಂದು ಗುರುವಾರ. ಅದು ನಡೆದುಕೊಂಡು ಹೋಗುತ್ತಿತ್ತು. ಒಂದು ದಿನ ಅವನ ಮಗಳು ನನಗೆ ಫೋನ್ ಮಾಡಿದಳು.

“ಅತ್ತೆ, ಅಪ್ಪ ಲಾಸ್ಟ್ ಅಪಾಯಿಂಟ್‌ಮೆಂಟ್ ಸ್ಕಿಪ್ ಮಾಡ್ಬಿಟ್ಟಿದ್ದಾರೆ. ಹಾಸ್ಪಿಟಲ್‌ನವ್ರು ನಂಗೆ ಕಾಲ್ ಮಾಡಿದ್ರು. ಕೇಳಿದ್ರೆ ಮರ್ತೋಯ್ತು ಅಂತಾರೆ.”

“ನಿಮ್ಮಪ್ಪ ಮರೆಯೋನಲ್ಲ.”

“ಐ ನೋ. ಅದಕ್ಕೇ ನಿಮಗೆ ಮಾಡಿದ್ದು. ಟರ್ಮ್ ಮಧ್ಯದಲ್ಲಿ ನಂಗೆ ಲೀವ್ ಸಿಗಲ್ಲ. ನೀವು ಹೋಗಿ ಅತ್ತೆ. ನೀವು ಹೇಳಿದ್ರೆ ಕೇಳ್ತಾರೆ.”

ಆ ವಾರವೇ ಹೊರಟೆ. ಬ್ರಿಸ್ಬೇನ್‌ನಿಂದ ಪರ್ತ್‌ಗೆ ವಿಮಾನದಲ್ಲಿ ಅರ್ಧ ಹಗಲು ಹಿಡಿಯುತ್ತದೆ. ಕೆಳಗೆ ಎಷ್ಟು ಹೊತ್ತು ನೋಡಿದರೂ ಅದೇ ಕೆಂಪು ನೆಲ. ತಮ್ಮ ಬಾಗಿಲಲ್ಲಿ ನಿಂತಿದ್ದ. ಗೋಡೆ ಹಿಡಿದುಕೊಂಡಿದ್ದ, ಹಿಡಿದುಕೊಂಡಿಲ್ಲ ಎಂಬಂತೆ ನಿಂತಿದ್ದ.

“ಬಂದ್ಯಾ? ಎಕ್ಸ್‌ಚೇಂಜ್ ಓಪನ್ ಆಯ್ತು ಅಂತ ಬೀದಿಗೆಲ್ಲ ಹೇಳ್ಬಿಡ್ತೀನಿ.”

“ಮೊದಲು ಒಳಗೆ ಹೋಗಿ ಕೂತ್ಕೋ. ಊಟದ ಹೊತ್ತು ಎಷ್ಟಕ್ಕೆ ಇಲ್ಲಿ?”

“ಹಸಿವಾದಾಗ.”

“ಇನ್ಮೇಲೆ ಒಂದು ಗಂಟೆಗೆ.”

ಆಸ್ಪತ್ರೆಯ ಮಾತು ಎತ್ತಿದಾಗ ಅವನು ವಾದ ಮಾಡಲಿಲ್ಲ. ಒಂದು ಷರತ್ತು ಹಾಕಿದ. “ಬರ್ತೀನಿ. ಆದ್ರೆ ನೀನು ಪಕ್ಕದಲ್ಲಿ ಕೂತು ಪಿಕ್ಚರ್ ನೋಡ್ಬೇಕು. ಕಣ್ಮುಚ್ಚಿ ಜಪ ಮಾಡ್ತಾ ಕೂತ್ರೆ ಬೇರೆ ಪೇಷೆಂಟ್‌ಗಳು ಹೆದರ್ಕೋತಾರೆ, ಯಾರೋ ಹೋಗ್ಬಿಟ್ರು ಅಂತ.”

“ಯಾವ ಪಿಕ್ಚರು?”

“ರಕ್ತ ಕುಡಿಯೋದು.”

ಗಣಿಯ ಕ್ಯಾಂಪಿನಲ್ಲಿ ಹಳೆಯ ಬ್ರಿಟಿಷ್ ದೆವ್ವದ ಸಿನಿಮಾಗಳನ್ನು ನೋಡುವುದು ಅವರ ವಾಡಿಕೆಯಾಗಿತ್ತಂತೆ. ದಿನವಿಡೀ ಕಲ್ಲು ನೋಡಿ ಬಂದವರಿಗೆ ಕೋಟೆ, ಮಂಜು, ಕಪ್ಪು ನಿಲುವಂಗಿ ಎಲ್ಲ ಹಿತವಾಗುತ್ತಿದ್ದವಂತೆ. ನಿವೃತ್ತನಾದ ಮೇಲೆ ಹಳೇ ಸಾಮಾನಿನ ಅಂಗಡಿಯಲ್ಲಿ ಆ ಸಿನಿಮಾಗಳ ಡಿವಿಡಿಗಳು ಸಿಕ್ಕಿದ್ದವು. ಇಷ್ಟು ದಿನ ಆಸ್ಪತ್ರೆಯಲ್ಲಿ ಒಬ್ಬನೇ ಕುಳಿತು ನೋಡುತ್ತಿದ್ದ.

ಮೊದಲ ಗುರುವಾರ ಬೆಳಿಗ್ಗೆ ನಾವು ಹೊತ್ತಿಗೆ ಮುಂಚೆಯೇ ಹೋದೆವು. ಉದ್ದನೆಯ ಕೊಠಡಿ, ಸಾಲಾಗಿ ಒರಗು ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಂದು ಕಂಬ. ನರ್ಸ್ ಅವನ ಹೆಸರು, ಹುಟ್ಟಿದ ದಿನ ಕೇಳಿದಳು. ಇನ್ನೊಬ್ಬ ನರ್ಸ್ ಬಂದು ಅದನ್ನೇ ಕೇಳಿದಳು. ಚೀಲದ ಮೇಲಿದ್ದುದನ್ನು ಒಬ್ಬಳು ಓದಿದರೆ ಇನ್ನೊಬ್ಬಳು ಕೈಯ ಪಟ್ಟಿಗೆ ತಾಳೆ ನೋಡಿದಳು. ಆ ಕ್ರಮ ನೋಡಿ ನನಗೆ ತುಂಬ ಸಮಾಧಾನವಾಯಿತು. ಇಂಥವರ ಕೈಯಲ್ಲಿ ಏನೂ ತಪ್ಪುವುದಿಲ್ಲ ಅನ್ನಿಸಿತು. ಆಮೇಲೆ ತಮ್ಮ ಲ್ಯಾಪ್‌ಟಾಪ್ ತೆರೆದ. ಇಯರ್‌ಫೋನಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ನನಗೆ.

ಮೊದಲ ಭಾಗದ ಕಥೆ ಹೇಳುವಂಥದ್ದೇನಿಲ್ಲ. ಬೆಟ್ಟದ ಮೇಲೊಂದು ಬಂಗಲೆ, ಅದರಲ್ಲೊಬ್ಬ ಎತ್ತರದ ಜಮೀನುದಾರ, ಹಗಲು ಪೆಟ್ಟಿಗೆಯಲ್ಲಿ ನಿದ್ದೆ, ರಾತ್ರಿ ಊರಿನ ಹೆಣ್ಣುಮಕ್ಕಳ ಕತ್ತಿಗೆ ಬಾಯಿ. ರಕ್ತ ಮಾತ್ರ ಕುಂಕುಮದ ನೀರಿನಂತೆ ಕೆಂಪಗಿತ್ತು. ನಮ್ಮ ತಲೆಯ ಮೇಲೆ ತೂಗುತ್ತಿದ್ದ ನಿಜವಾದದ್ದು ಹೆಚ್ಚುಕಡಿಮೆ ಕಪ್ಪು. ಒಬ್ಬ ನರ್ಸ್ ಹಾದುಹೋಗುತ್ತ ಪರದೆಯ ಮೇಲೆ ಕಣ್ಣು ಹಾಯಿಸಿದಳು. ಅವಳು ಹೇಳಿದ್ದನ್ನು ತಮ್ಮ ನನಗೆ ಕನ್ನಡದಲ್ಲಿ ಹೇಳಿದ: “ಪಿಶಾಚಿಗೆ ನಂಗಿಂತ ಬೇಗ ಸಪ್ಲೈ ಆಗತ್ತೆ ಅಂತಿದ್ದಾಳೆ.”

ಕೊನೆಗೆ ಬಿಸಿಲು ಬಿದ್ದು ಪಿಶಾಚಿ ಬೂದಿಯಾದ. ತಮ್ಮ ಲ್ಯಾಪ್‌ಟಾಪ್ ಮುಚ್ಚಲು ಹೋದ. ನಾನು ಅವನ ಕೈ ಹಿಡಿದೆ.

“ಇಲ್ಲಿಗೇ ನಿಲ್ಲಿಸ್ತೀಯಾ?”

“ಮುಗೀತಲ್ಲ.”

“ಸಾವಿನ ಮೇಲೆ ಮುಚ್ಚಬಾರದು. ಮುಂದಿಂದು ಇದ್ರೆ ಹಾಕು, ಸ್ವಲ್ಪ ನೋಡಿಬಿಡೋಣ.”

ಇದನ್ನು ವಿವರಿಸಬೇಕು. ನಾವು ಚಿಕ್ಕವರಿದ್ದಾಗ ಅಪ್ಪ ಸಂಜೆ ಜಗಲಿಯಲ್ಲಿ ಪುರಾಣ ಓದುತ್ತಿದ್ದರು. ಅಕ್ಕಪಕ್ಕದ ನಾಲ್ಕಾರು ಮನೆಯವರು ಬಂದು ಕೂರುತ್ತಿದ್ದರು. ಯಾವ ದಿನ ಎಲ್ಲಿಗೆ ನಿಲ್ಲಿಸಬೇಕು ಎನ್ನುವುದಕ್ಕೆ ಒಂದು ನಿಯಮವಿತ್ತು. ಯಾರಾದರೂ ಸತ್ತ ಪ್ರಸಂಗದಲ್ಲಿ ಪುಸ್ತಕ ಮುಚ್ಚುವಂತಿರಲಿಲ್ಲ. ದೊಡ್ಡ ವೀರನೊಬ್ಬ ಬಿದ್ದ ದಿನ ಎಷ್ಟೇ ಹೊತ್ತಾಗಲಿ, ಮುಂದೆ ಒಂದು ಮದುವೆಯೋ ಪಟ್ಟಾಭಿಷೇಕವೋ, ಕೊನೆಗೆ ಒಂದು ಸೂರ್ಯೋದಯದ ವರ್ಣನೆಯಾದರೂ ಬರುವವರೆಗೆ ಅಪ್ಪ ಓದುತ್ತಿದ್ದರು. ಅಮ್ಮ ಒಳಗಿನಿಂದ ಸಾರು ಆರಿಹೋಯಿತೆಂದು ಪಾತ್ರೆ ಸದ್ದು ಮಾಡಿದರೂ ನಿಲ್ಲಿಸುತ್ತಿರಲಿಲ್ಲ. ಈ ನಿಯಮ ನನ್ನ ಮೈಗೆ ಅಂಟಿಕೊಂಡಿದೆ. ದಿನಪತ್ರಿಕೆಯಲ್ಲಿ ನಿಧನ ವಾರ್ತೆ ಓದಿದರೂ ಒಂದು ಹವಾಮಾನದ ಸುದ್ದಿ ಓದಿಯೇ ಮಡಚುತ್ತೇನೆ.

ತಮ್ಮನಿಗೆ ನಗು ತಡೆಯಲಾಗಲಿಲ್ಲ. ಸೂಜಿ ಅಲ್ಲಾಡೀತೆಂದು ಕೈಯನ್ನು ಬಿಗಿಯಾಗಿ ಹಿಡಿದು ನಕ್ಕ. “ಅಕ್ಕ, ಇಂಗ್ಲಿಷರು ಈ ನಿಯಮದ ಮೇಲೆ ಎಷ್ಟು ಪಿಕ್ಚರ್ ತೆಗೆದಿದ್ದಾರೆ ಗೊತ್ತಾ? ಒಂದೊಂದರಲ್ಲೂ ಸಾಯ್ತಾನೆ. ನಿನ್ನಂಥೋರು ಮುಂದಿಂದು ಹಾಕು ಅಂತಾರೆ.”

ಆದರೂ ಎರಡನೆಯ ಭಾಗ ಹಾಕಿದ. ಒಂದು ಸಾರೋಟು ಹಿಮದಲ್ಲಿ ಬರುವುದನ್ನು ನೋಡಿ, ಇದು ಶುಭವೇ ಎಂದು ನಾನು ಒಪ್ಪಿಕೊಂಡೆ. ಅಲ್ಲಿಗೆ ಮುಚ್ಚಿದೆವು.

ಮುಂದಿನ ಎರಡು ವಾರ ನನ್ನ ಲೆಕ್ಕದಲ್ಲಿ ಚೆನ್ನಾಗಿ ಕಳೆದವು. ಬೆಳಿಗ್ಗೆ ಕಾಫಿ, ಪಾರ್ಕಿನವರೆಗೆ ನಡಿಗೆ, ಒಂದು ಗಂಟೆಗೆ ಊಟ. ಸಂಜೆ ಅಡಿಲೇಡ್‌ಗೆ ವರದಿ. ಅವನೇಕೆ ಆ ಗುರುವಾರ ತಪ್ಪಿಸಿದ ಎಂಬುದಕ್ಕೆ ನಾನೇ ಒಂದು ಕಾರಣ ಕಂಡುಕೊಂಡಿದ್ದೆ. ಕಂಡವರ ರಕ್ತ ತೆಗೆದುಕೊಳ್ಳುವುದು ಅವನ ಮನಸ್ಸಿಗೆ ಚುಚ್ಚುತ್ತಿದೆ, ಅದಕ್ಕೇ ಈ ಸಿನಿಮಾಗಳ ಹುಚ್ಚು, ಎಂದುಕೊಂಡೆ. ಅದಕ್ಕೆ ಔಷಧವೂ ನನ್ನ ಬಳಿ ಇತ್ತು. ನನ್ನ ಮೊಮ್ಮಗಳು ಬ್ರಿಸ್ಬೇನ್‌ನಲ್ಲೇ, ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಓದುತ್ತಾಳೆ, ಆಗಾಗ ರಕ್ತದಾನ ಮಾಡುತ್ತಾಳೆ. ಅವಳಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟೆ.

“ಕೊಟ್ಟ ಮೇಲೆ ಏನನ್ನಿಸತ್ತೆ ಅಂತ ತಾತನಿಗೆ ಹೇಳು.”

“ಏನೂ ಇಲ್ಲ ಅಜ್ಜಿ. ಸಾಸೇಜ್ ರೋಲ್ ಕೊಡ್ತಾರೆ, ಸೋ ಗುಡ್. ಆಮೇಲೆ ಫೆರಿ ಹಿಡ್ಕೊಂಡು ಸಿಟಿಗೆ ಹೋಗ್ತೀನಿ. ವೈ?”

ಮಾಂಸ ತುಂಬಿದ ಸಾಸೇಜ್ ರೋಲ್ ವಿಷಯ ಅಜ್ಜಿಗೆ ಹೇಳಬಾರದಿತ್ತು ಎಂದು ಆ ಕಡೆ ಅವಳಿಗೆ ಹೊಳೆದಿರಬೇಕು. ತಟ್ಟನೆ ಲೆಕ್ಚರ್ ಇದೆ ಎಂದು ಇಟ್ಟುಬಿಟ್ಟಳು. ತಮ್ಮ ಬಹಳ ಹೊತ್ತು ನಕ್ಕ. ನನ್ನ ಔಷಧ ಕೆಲಸ ಮಾಡಿತು ಎಂದುಕೊಂಡೆ.

ಎರಡನೆಯ ಗುರುವಾರ ಸಿನಿಮಾ ಮುಂದುವರಿಯಿತು. ಸಾರೋಟಿನಲ್ಲಿ ಬಂದವನು ಒಬ್ಬ ಪ್ರಯಾಣಿಕ. ಹಿಮಕ್ಕೆ ಹೆದರಿ ಅದೇ ಬಂಗಲೆಯಲ್ಲಿ ತಂಗುತ್ತಾನೆ. ಯಜಮಾನ ಬೂದಿಯಾಗಿ ವರ್ಷಗಳಾಗಿದ್ದರೂ ಬಂಗಲೆಯಲ್ಲಿ ಒಬ್ಬ ಮನೆವಾರ್ತೆಯ ಹೆಂಗಸು ಇದ್ದಾಳೆ. ದಿನವೂ ಗಡಿಯಾರಗಳಿಗೆಲ್ಲ ಕೀಲಿ ಕೊಡುತ್ತಾಳೆ, ಹಾಸಿಗೆ ಕೊಡವುತ್ತಾಳೆ, ಬೆಳ್ಳಿ ಉಜ್ಜುತ್ತಾಳೆ. ನೆಲಮಾಳಿಗೆಯಲ್ಲಿ ಯಜಮಾನನ ಬೂದಿಯನ್ನು ಒಂದು ಕಲ್ಲುಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಾಳೆ. ನನಗೆ ಅವಳು ಇಷ್ಟವಾದಳು. ಇಡೀ ಸಿನಿಮಾದಲ್ಲಿ ಅಚ್ಚುಕಟ್ಟಾಗಿದ್ದವಳು ಅವಳೊಬ್ಬಳೇ. ಹಾಗೆಂದು ತಮ್ಮನಿಗೆ ಹೇಳಿಯೂ ಹೇಳಿದೆ. ಅವನು ನನ್ನನ್ನೊಮ್ಮೆ ನೋಡಿ ಮತ್ತೆ ಪರದೆ ನೋಡಿದ. ಆ ಹೆಂಗಸು ಪ್ರಯಾಣಿಕನನ್ನು ಉಪಾಯದಿಂದ ಕೆಳಗೆ ಕರೆದೊಯ್ಯುತ್ತಾಳೆ. ಒಡೆದ ಕಿಟಕಿಗೆ ಅವನ ಕೈ ತಾಗಿ ಕೊಯ್ದು, ರಕ್ತ ಬೂದಿಯ ಮೇಲೆ ತೊಟ್ಟಿಕ್ಕುತ್ತದೆ. ಹೊಗೆ ಏಳುತ್ತದೆ. ಒಂದು ಕೈ ಮೇಲೆ ಬರುತ್ತದೆ. ಪಿಶಾಚಿ ಎದ್ದು ಕೂರುತ್ತಾನೆ. ಹೆಂಗಸಿನ ಕಣ್ಣಲ್ಲಿ ಆನಂದದ ನೀರು.

ಕೊನೆಯಲ್ಲಿ ಅವನು ಮತ್ತೆ ಸತ್ತ. ಈ ಸಲ ತಮ್ಮ ಲ್ಯಾಪ್‌ಟಾಪ್ ಮುಚ್ಚಿದಾಗ ಮೂರನೆಯದನ್ನು ಹಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡಿದ್ದ.

ಮನೆಗೆ ಬಂದ ಮೇಲೆ ಹಿತ್ತಲಿನಲ್ಲಿ ಕುಳಿತೆವು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಪರ್ತ್‌ಗೆ ಸಮುದ್ರದ ಕಡೆಯಿಂದ ತಂಗಾಳಿ ಬರುತ್ತದೆ. ಊರಿನವರು ಅದನ್ನು ಡಾಕ್ಟರ್ ಎಂದೇ ಕರೆಯುತ್ತಾರೆ. ಅದು ಬೀಸತೊಡಗಿತು.

“ಅಕ್ಕ, ಪಿಶಾಚಿ ಎದ್ದಾಗ ಅವನ ಮುಖ ನೋಡಿದ್ಯಾ?”

“ಕಣ್ಣು ಕೆಂಪಗಿತ್ತು.”

“ಅದಲ್ಲ. ಖುಷಿ ಇರ್ಲಿಲ್ಲ. ಪಾಪ, ಬೂದಿಯಾಗಿ ಆರಾಮಾಗಿ ಮಲಗಿದ್ದ. ಅವನನ್ನ ಯಾರಾದ್ರೂ ಕೇಳಿದ್ರಾ?”

“ಅವನು ದುಷ್ಟ. ಅವನನ್ನೇನು ಕೇಳೋದು?”

“ದುಷ್ಟನೋ ಶಿಷ್ಟನೋ, ಎಬ್ಬಿಸೋ ಮುಂಚೆ ಒಂದು ಮಾತು ಕೇಳ್ಬೇಕಲ್ವಾ.” ಅದೇ ದನಿಯಲ್ಲಿ ಮುಂದುವರಿಸಿದ. “ನಾನು ಡಾಕ್ಟರ್ ಹತ್ರ ಮಾತಾಡಿದೀನಿ. ರಕ್ತ ಹಾಕ್ಸೋದು ನಿಲ್ಲಿಸಿದ್ರೆ ಕೆಲವು ವಾರ ಅಂದ್ರು. ಸುಸ್ತು ಜಾಸ್ತಿ ಆಗತ್ತೆ, ಆಮೇಲೆ ನಿದ್ದೆ. ಉಸಿರಾಟಕ್ಕೆ ತೊಂದರೆ ಆಗದ ಹಾಗೆ ನೋಡ್ಕೋತಾರೆ. ನಂಗೆ ನಿಲ್ಲಿಸ್ಬೇಕು ಅಕ್ಕ.”

ನಾನು ಸಿದ್ಧ ಮಾಡಿಕೊಂಡಿದ್ದ ಮಾತನ್ನೇ ಹೇಳಿದೆ. ಕೊಟ್ಟವರಿಗೆ ಅದು ಭಾರವಲ್ಲ, ಹುಡುಗಿ ಹೇಳಿದ್ದು ಕೇಳಿದೆಯಲ್ಲ, ನೀನು ಯಾರದನ್ನೂ ಕಿತ್ತುಕೊಳ್ಳುತ್ತಿಲ್ಲ.

“ನಂಗೆ ಆ ಸಂಕಟ ಯಾವತ್ತೂ ಇರ್ಲಿಲ್ಲ. ಕೊಟ್ಟೋರೆಲ್ಲ ಚೆನ್ನಾಗಿರ್ಲಿ. ಒಂದೊಂದು ಚೀಲ ನೋಡ್ದಾಗ್ಲೂ ಮನಸ್ಸಲ್ಲೇ ಕೈ ಮುಗೀತೀನಿ. ಆದ್ರೆ ಮೊದಲು ಹತ್ತು ದಿನ ಚೆನ್ನಾಗಿರ್ತಿದ್ದೆ. ಈಗ ನಾಲ್ಕು. ಉಳಿದ ದಿನ ಗುರುವಾರಕ್ಕೆ ಕಾಯೋದು. ಇದನ್ನ ಇರೋದು ಅಂತಾರಾ?”

“ಸಾವಿನ ಮಾತು ಅಷ್ಟು ಸುಲಭಕ್ಕೆ ಆಡಬೇಡ. ಅಪ್ಪ ಏನ್ ಹೇಳ್ತಿದ್ರು?”

“ಅಪ್ಪನ ನಿಯಮ ಯಾರಿಗಿತ್ತು ಅಂತ ಯೋಚನೆ ಮಾಡಿದ್ಯಾ?” ಎಂದ. “ಕೇಳ್ತಾ ಕೂತಿದ್ದೋರಿಗೆ. ಅವರು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗ್ಲಿ ಅಂತ. ಅಪ್ಪ ಎಷ್ಟು ಹೊತ್ತು ಓದಿದ್ರೂ ಆ ಬಿದ್ದಿದ್ದ ವೀರ ಏಳ್ತಿರ್ಲಿಲ್ಲ. ಅವನನ್ನ ಯಾರೂ ಎಬ್ಬಿಸೋಕೆ ಹೋಗ್ತಿರ್ಲಿಲ್ಲ.”

ನಾನು ಎದ್ದು ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದನ್ನೇ ಇನ್ನೊಮ್ಮೆ ತೊಳೆದೆ. ಗಡಿಯಾರಗಳಿಗೆ ಕೀಲಿ ಕೊಡುತ್ತಿದ್ದ ಆ ಹೆಂಗಸಿನ ಬಗ್ಗೆ ನಾನು ಮೆಚ್ಚಿ ಮಾತಾಡಿದಾಗ ತಮ್ಮ ಏಕೆ ಹಾಗೆ ನೋಡಿದ ಎಂದು ಆಗ ತಿಳಿಯಿತು. ಅವಳು ಕೆಟ್ಟವಳಲ್ಲ. ಅವಳಿಗೆ ಯಜಮಾನನ ಮೇಲೆ ನಿಜವಾದ ಪ್ರೀತಿ ಇತ್ತು. ಆದರೆ ಅವನಿಲ್ಲದಿದ್ದರೆ ಅವಳ ದಿನಕ್ಕೆ ಆಕಾರವಿರಲಿಲ್ಲ. ನಾನು ಈ ಎರಡು ವಾರ ಅಡಿಲೇಡ್‌ಗೆ ಕೊಟ್ಟ ವರದಿಗಳೂ ಅಂಥವೇ: ನಡೆದ, ಉಂಡ, ಮಲಗಿದ. ಹೇಗಿದ್ದೀಯ ಎಂದು ಅವನನ್ನು ಬೆಳಿಗ್ಗೆ ಸಂಜೆ ಕೇಳುತ್ತಿದ್ದೆ. ನಿನಗೇನು ಬೇಕು ಎಂದು ಕೇಳಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಕಾಫಿ ಕೊಟ್ಟು ಕೇಳಿದೆ.

ಅವನು ಯೋಚಿಸಿಟ್ಟಿದ್ದ. ಅಡಿಲೇಡ್‌ಗೆ ಹೋಗಬೇಕು. ಮಗಳಿಗೆ ಎದುರು ಕುಳಿತು ತಾನೇ ಹೇಳಬೇಕು. ಫೋನಿನಲ್ಲಿ ಆಗುವ ಮಾತಲ್ಲ. ಪ್ರಯಾಣಕ್ಕೆ ಶಕ್ತಿ ಬೇಕಾದ್ದರಿಂದ ಇನ್ನೊಂದು ಸಲ ರಕ್ತ ಹಾಕಿಸಿಕೊಳ್ಳುತ್ತೇನೆ, ಅದೇ ಕೊನೆಯದು. “ನೀನೂ ಬಾ. ಆದ್ರೆ ನನ್ನ ಪರವಾಗಿ ಲೈನ್ ಕನೆಕ್ಟ್ ಮಾಡ್ಬೇಡ. ನಾನೇ ಮಾತಾಡ್ತೀನಿ.”

ಆ ಮೂರನೆಯ ಗುರುವಾರ ಸಿನಿಮಾ ಹಾಕಲಿಲ್ಲ. ತಮ್ಮ ಒಬ್ಬೊಬ್ಬ ನರ್ಸನ್ನೂ ಕರೆದು ಮಾತಾಡಿಸಿದ. ಡಿವಿಡಿಗಳನ್ನು ಅಲ್ಲಿಯೇ ಬಿಟ್ಟುಬರುತ್ತೇನೆಂದ. ಹಾಗೆ ಬಿಡುವುದು ಇತರ ರೋಗಿಗಳಿಗೆ ಸರಿಯಲ್ಲ ಎಂದು ನಾನು ತಡೆದೆ. ಕೊನೆಗೆ ಅವನ ತೋಳಿನಿಂದ ಸೂಜಿ ತೆಗೆದ ನರ್ಸೇ ಅವನ್ನು ಮನೆಗೆ ಒಯ್ದಳು.

ಅಡಿಲೇಡ್‌ನಲ್ಲಿ ಮಗಳು ವಿಮಾನ ನಿಲ್ದಾಣಕ್ಕೆ ಬಂದಿದ್ದಳು. ಅಪ್ಪನ ನಡಿಗೆ ನೋಡಿ ಅವಳ ಮುಖ ಅರಳಿತು. ಅದನ್ನು ನೋಡುವುದು ನನಗೆ ಕಷ್ಟವಾಯಿತು. ಮಧ್ಯಾಹ್ನ ಊಟವಾದ ಮೇಲೆ ಅವನು ಹೇಳಿದ. ಬಹಳ ಸರಳವಾಗಿ, ಗಣಿಯಲ್ಲಿ ಅದಿರು ಮುಗಿದುದನ್ನು ಹೇಳುವವನಂತೆ ಹೇಳಿದ. ಮಗಳು ಅರ್ಧದಲ್ಲೇ ನನ್ನ ಕಡೆ ತಿರುಗಿದಳು.

“ಅತ್ತೆ, ನೀವು ಇವರನ್ನ ಕನ್ವಿನ್ಸ್ ಮಾಡೋಕೆ ಹೋಗಿದ್ರಿ.”

“ಹೌದು.”

“ಸೋ ಡು ಇಟ್. ಪ್ಲೀಸ್. ಏನಾದ್ರೂ ಹೇಳಿ.”

ನಾನು ಏನೂ ಹೇಳಲಿಲ್ಲ. ಎಕ್ಸ್‌ಚೇಂಜಿನ ಬೋರ್ಡಿನ ದೀಪ ಹತ್ತಿ ಉರಿಯುತ್ತಿದೆ, ನಾನು ಉತ್ತರಿಸದೆ ಕುಳಿತಿದ್ದೇನೆ. ಅವಳು ಅಪ್ಪನ ಮೇಲೆ ಇಂಗ್ಲಿಷಿನಲ್ಲಿ ಕೂಗಾಡಿದಳು. ನಿನಗೆ ಯಾವಾಗಲೂ ಹೀಗೇ, ಬ್ಯಾಗು ಕಟ್ಟಿಕೊಂಡು ಹೊರಟುಬಿಡುವುದು, ನಾವು ಬಾಗಿಲಲ್ಲಿ ನಿಂತು ಕೈ ಬೀಸಬೇಕು, ಎಂದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ. “ಹೌದು ಪುಟ್ಟಾ. ಆಗ ನಿನ್ನ ಕೇಳದೇ ಹೋಗ್ತಿದ್ದೆ. ಈಗ ಹೇಳಿ ಹೋಗೋಣ ಅಂತ ಬಂದೆ,” ಎಂದ. ಅವಳು ಕಾರಿನ ಕೀಲಿ ತೆಗೆದುಕೊಂಡು ಹೊರಟುಹೋದಳು. ಕತ್ತಲಾಗುವ ಮುಂಚೆ ಬಂದು, ಏನೂ ನಡೆದಿಲ್ಲವೆಂಬಂತೆ ಅನ್ನಕ್ಕಿಟ್ಟಳು. ಮರುದಿನ ಶಾಲೆಗೆ ಬರೆದು ದೀರ್ಘ ರಜೆ ಕೇಳಿದಳು.

ರಕ್ತ ಹಾಕಿಸಬೇಕಾಗಿದ್ದ ಮುಂದಿನ ಗುರುವಾರ ನಾನು ಎಂದಿನಂತೆ ಐದಕ್ಕೆ ಎದ್ದೆ. ಮಾಡಲು ಏನೂ ಇರಲಿಲ್ಲ. ಚೀಲ ತುಂಬಬೇಕಾಗಿಲ್ಲ, ನೀರಿನ ಬಾಟಲಿ ಬೇಡ, ಶಾಲು ಬೇಡ. ತಮ್ಮನ ಕೋಣೆಯ ಬಾಗಿಲವರೆಗೆ ಹೋದೆ. ಉಸಿರಾಟ ಕೇಳಿಸುತ್ತಿತ್ತು. ಎಬ್ಬಿಸದೆ ಹಿಂತಿರುಗಿದೆ. ಅವನು ಹತ್ತಕ್ಕೆ ಎದ್ದು, ಸಮುದ್ರ ನೋಡಬೇಕೆಂದ.

ಟ್ರ್ಯಾಮ್ ಹಿಡಿದು ಗ್ಲೆನೆಲ್ಗ್‌ಗೆ ಹೋದೆವು. ಮಗಳು ಅವನ ಪಕ್ಕ ಕುಳಿತಳು, ನಾನು ಎದುರಿಗೆ. ಇಳಿದು ದಂಡೆಯ ಬೆಂಚಿನವರೆಗೆ ನಡೆಯುವಷ್ಟರಲ್ಲಿ ಅವನ ತುಟಿ ಬಿಳಿಚಿಕೊಂಡಿತ್ತು. ಮಗಳಿಗೂ ಕಾಣಿಸಿತು. ಅವಳು ಆಸ್ಪತ್ರೆಯ ಮಾತು ಎತ್ತುತ್ತಾಳೆಂದು ಕಾದೆ. ಅವಳು ಬಿಸಿ ಚಿಪ್ಸ್ ತರಲು ಹೋದಳು.

“ವಿನೆಗರ್ ಹಾಕ್ಸು,” ಎಂದು ಹಿಂದಿನಿಂದ ಹೇಳಿದ ತಮ್ಮ. ನನ್ನ ಕಡೆ ತಿರುಗಿ, “ಊಟದ ಹೊತ್ತಲ್ಲ ಅಂತ ಹೇಳ್ಬೇಡ,” ಎಂದ.

“ಹೇಳಲ್ಲ.”

ಅವನು ಚಳಿ ಶುರುವಾಗುವವರೆಗೆ ಇದ್ದ, ಮಗಳ ಮನೆಯಲ್ಲೇ. ವೈದ್ಯರು ಹೇಳಿದಂತೆಯೇ ಆಯಿತು: ಮೊದಲು ಸುಸ್ತು, ಆಮೇಲೆ ನಿದ್ದೆ. ಆದರೆ ಆ ದಿನ ಅವನು ಚಿಪ್ಸಿನ ಪೊಟ್ಟಣದ ಹೆಚ್ಚಿನ ಪಾಲನ್ನು ತಾನೇ ತಿಂದ. ಸಮುದ್ರಗಾಳಿಗೆಂದು ತೋಳು ಮಡಚಿಕೊಂಡಿದ್ದ. ಮಗಳು ಅವನ ಕೈ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು, ಮೊಣಕೈಯ ಒಳಬದಿಯನ್ನು ಹೆಬ್ಬೆರಳಿನಿಂದ ಸವರಿದಳು. ಸೂಜಿ ಚುಚ್ಚಿದ ಕಡೆಯ ನೀಲಿ ಕಲೆಗಳು ಹಳದಿಗೆ ತಿರುಗಿ, ಅಂಚಿನಲ್ಲಿ ಮಾಸತೊಡಗಿದ್ದವು.

“ನೋಯತ್ತಾ ಅಪ್ಪಾ?” ಎಂದಳು.

“ಈಗಿಲ್ಲ,” ಎಂದ.